ರಿಜಿಸ್ಟರ್ ಮದುವೆಗೂ ತಾಳಿ ಕಟ್ಟುವ ಫೋಟೋ ಬೇಕಂತೆ! ಮದುವೆ ಆಯಿತು ಅಂತ ಹೇಳಬೇಕಾದವರು ಸರ್ಕಾರವಾ, ಧರ್ಮವಾ?

ಎರಡುಹಾರ (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಹುಡುಗಿಯೂ ಮದುವೆ ಆಗಬೇಕು ಅಂತ ಇದ್ದೇವೆ. ಜಾತಿ ಬೇರೆ ಬೇರೆ, ಕಾಗದದ ಮೇಲೆ ಇಬ್ಬರೂ ಹಿಂದೂ. ಶಾಸ್ತ್ರ, ಹೋಮ ಇದರಲ್ಲೆಲ್ಲ ಇಬ್ಬರಿಗೂ ನಂಬಿಕೆ ಇಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ, ಸಂಜೆ ಗೆಳೆಯರಿಗೆ ಊಟ ಹಾಕಿಸಿದರೆ ಮುಗಿಯಿತು ಅಂದುಕೊಂಡಿದ್ದೆವು.

ಅಲ್ಲಿ ಮೊದಲು ಕೇಳಿದ್ದೇ "ಲಗ್ನಪತ್ರಿಕೆ ಎಲ್ಲಿ, ತಾಳಿ ಕಟ್ಟುವ ಫೋಟೋ ಎಲ್ಲಿ" ಅಂತ. ಮದುವೆ ಆಗುವುದಕ್ಕೇ ಬಂದಿದ್ದೇವೆ ಸಾರ್ ಅಂದೆ. "ಆಗಿ ಬನ್ನಿ. ಆಗಿರೋದನ್ನ ನಾವು ಬರ್ಕೊತೀವಿ ಅಷ್ಟೆ" ಅಂದರು. ಇನ್ನೊಂದು ದಾರಿ ಇದೆಯಂತೆ, ಅದಕ್ಕೆ 30 ದಿನ ನೋಟಿಸ್ ಹಾಕಬೇಕಂತೆ. ಹೊರಗೆ ನಿಂತಿದ್ದ ಏಜೆಂಟ್ ಮಾತ್ರ ಬಹಳ ಉದಾರಿ. ಯಾವುದೋ ಸಂಸ್ಥೆಯ ಮದುವೆ ಸರ್ಟಿಫಿಕೇಟ್ ತಾನೇ ತರಿಸುತ್ತಾನಂತೆ, ನಾವು ಹಾರ ಹಾಕಿಕೊಂಡು ಒಂದು ಫೋಟೋ ತೆಗೆಸಿಕೊಂಡರೆ ಸಾಕಂತೆ.

ಮನೆಯಲ್ಲಿ ಅಮ್ಮ "ಧಾರೆ ಎರೆಯದಿದ್ದರೆ ಅದು ಮದುವೆಯೇ ಅಲ್ಲ" ಅನ್ನುತ್ತಾರೆ. ಕಾನೂನೂ ಅಮ್ಮನ ಕಡೆಗೇ ಇದೆ ಅಂತ ಈಗ ಗೊತ್ತಾಯಿತು! ನನ್ನ ಪ್ರಶ್ನೆ ಇಷ್ಟೇ. ಮದುವೆ ಅಂದರೆ ಏನು ಅಂತ ತೀರ್ಮಾನ ಮಾಡಬೇಕಾದವರು ಯಾರು? ಸರ್ಕಾರ ಅಂತಾದರೆ ಅದು ಪುರೋಹಿತರ ಫೋಟೋ ಯಾಕೆ ಕೇಳುತ್ತದೆ?

ಸುಮ್ನೆ_ಕೇಳ್ದೆ
ಅಮ್ಮ ಗೆದ್ದರು. ಚರ್ಚೆ ಮುಗಿಯಿತು. 😄

ವಕೀಲಕ್ಕ
ಮೊದಲು ಒಂದು ವಿಷಯ. ಆ ಏಜೆಂಟ್ ಹೇಳಿದ ದಾರಿಗೆ ಹೋಗಲೇಬೇಡಿ.

ಹಿಂದೂ ವಿವಾಹ ಕಾಯ್ದೆ 1955ರದ್ದು. ಅದರ 7ನೇ ಸೆಕ್ಷನ್ ಪ್ರಕಾರ ಗಂಡು ಅಥವಾ ಹೆಣ್ಣು, ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ಮದುವೆ ನಡೆಯಬೇಕು. ಆ ಸಂಪ್ರದಾಯದಲ್ಲಿ ಸಪ್ತಪದಿ ಇದ್ದರೆ, ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿಯಾಗುತ್ತದೆ. ನೋಂದಣಿ ಬರುವುದು 8ನೇ ಸೆಕ್ಷನ್‌ನಲ್ಲಿ. ಅದು ಆಗಿರುವ ಮದುವೆಗೆ ಪುರಾವೆ, ಅಷ್ಟೆ. ನೋಂದಣಿ ಮಾಡಿಸಲಿಲ್ಲ ಅಂತ ಮದುವೆ ಬಿದ್ದುಹೋಗುವುದಿಲ್ಲ. ಮಾಡಿಸಿದ ಮಾತ್ರಕ್ಕೆ ಇಲ್ಲದ ಮದುವೆ ಹುಟ್ಟುವುದೂ ಇಲ್ಲ.

2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ನಿಮ್ಮಂಥದ್ದೇ ಕೇಸು ಬಂದಿತ್ತು. ಇಬ್ಬರೂ ಪೈಲಟ್‌ಗಳು. ಶಾಸ್ತ್ರ ಆಮೇಲೆ ಮಾಡೋಣ ಅಂತ ಮೊದಲೇ ಒಂದು ಸಂಸ್ಥೆಯ ಸರ್ಟಿಫಿಕೇಟ್ ತೆಗೆದುಕೊಂಡು, ಅದನ್ನಿಟ್ಟು ನೋಂದಣಿ ಮಾಡಿಸಿದ್ದರು. ಶಾಸ್ತ್ರ ನಡೆಯುವ ಮೊದಲೇ ಜಗಳ ಬಂತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಅದು ಮದುವೆಯೇ ಅಲ್ಲ, ಸರ್ಟಿಫಿಕೇಟಿಗೆ ಬೆಲೆ ಇಲ್ಲ ಅಂತ ಹೇಳಿತು. ಮದುವೆ ಅಂದರೆ ಹಾಡು, ಕುಣಿತ, ಊಟ, ಕುಡಿತದ ಸಮಾರಂಭ ಅಲ್ಲ ಅನ್ನೋ ಮಾತೂ ಆ ತೀರ್ಪಿನಲ್ಲೇ ಇದೆ.

ನಿಮಗೆ ಸರಿಹೋಗುವುದು 1954ರ ವಿಶೇಷ ವಿವಾಹ ಕಾಯ್ದೆ. ಹಿಂದೂಗಳಿಬ್ಬರೂ ಅದರಡಿ ಮದುವೆ ಆಗಬಹುದು, ಅದು ಬೇರೆ ಧರ್ಮದವರಿಗೆ ಮಾತ್ರ ಅನ್ನೋದು ಸುಳ್ಳು. ಅಲ್ಲಿ ಪುರೋಹಿತರು ಬೇಡ, ಬೆಂಕಿ ಬೇಡ. ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಇಬ್ಬರೂ "ನಾನು ಇವರನ್ನು ಕಾನೂನುಬದ್ಧ ಗಂಡನಾಗಿ, ಹೆಂಡತಿಯಾಗಿ ಒಪ್ಪುತ್ತೇನೆ" ಅಂತ ಬಾಯಿ ಬಿಟ್ಟು ಹೇಳಬೇಕು. ನಿಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು, ಕನ್ನಡದಲ್ಲೇ ಹೇಳಿ.

ಶಾಸ್ತ್ರಿಮನೆ
ವಕೀಲಕ್ಕ ಹೇಳಿದ ಕಾನೂನು ಸರಿ ಇದೆ. ಆದರೆ ಶಾಸ್ತ್ರ ಬೇಡ, ಹೋಮ ಬೇಡ ಅಂತ ಇಷ್ಟು ಸಲೀಸಾಗಿ ಹೇಳುವವರನ್ನು ಕಂಡರೆ ಒಂದು ಮಾತು ಕೇಳಬೇಕು ಅನಿಸುತ್ತದೆ. ಸಪ್ತಪದಿಯಲ್ಲಿ ಏನಿದೆ ಅಂತ ಯಾವತ್ತಾದರೂ ಕೇಳಿಸಿಕೊಂಡಿದ್ದೀರಾ? ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಹೀಗೇ ಹೋಗಿ ಏಳನೆಯದು ಗೆಳೆತನಕ್ಕೆ. "ಸಖಾ ಸಪ್ತಪದಾ ಭವ". ಏಳು ಹೆಜ್ಜೆ ನಡೆದೆವು, ಇನ್ನು ನಾವು ಸ್ನೇಹಿತರು ಅಂತ. ಗಂಡ ಯಜಮಾನ ಅಂತ ಹೇಳಿ ಮುಗಿಸುವುದಿಲ್ಲ.

ಸರ್ಕಾರ ಹುಟ್ಟುವ ಎಷ್ಟೋ ಮೊದಲಿನಿಂದ ಜನ ಮದುವೆ ಆಗುತ್ತಿದ್ದಾರೆ. ಇವತ್ತು ಒಂದು ಕಾಯ್ದೆ ಬರುತ್ತದೆ, ನಾಳೆ ತಿದ್ದುಪಡಿ ಆಗುತ್ತದೆ. ಮದುವೆ ಏನು ಅಂತ ಹೇಳುವುದಕ್ಕೆ ಗೆಜೆಟ್ ಬೇಕಾ?

ಕಾಫಿತೋಟ
ಸ್ವಾಮಿ, ನಮ್ಮ ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ, ಸಪ್ತಪದಿಯೂ ಇಲ್ಲ. ಮನೆ ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ, ಅರುವ, ಅಂದರೆ ಮನೆತನದ ಪರವಾಗಿ ಮಾತಾಡುವವರು, ನಿಂತು ಸಮ್ಮಂದ (ಸಂಬಂಧ) ಕೊಡುತ್ತಾರೆ. ಹಾಗಾದರೆ ನಮ್ಮ ಅಜ್ಜ ಅಜ್ಜಿ ಮದುವೆ ಆಗಲೇ ಇಲ್ಲವಾ?

ವಕೀಲಕ್ಕ
@ಕಾಫಿತೋಟ ಆಗಿದೆ, ಧಾರಾಳವಾಗಿ ಆಗಿದೆ. ಕಾಯ್ದೆ ಹೇಳುವುದು ಸಪ್ತಪದಿ ಕಡ್ಡಾಯ ಅಂತ ಅಲ್ಲ, ನಿಮ್ಮ ಸಂಪ್ರದಾಯ ಏನಿದೆಯೋ ಅದು ನಡೆದಿರಬೇಕು ಅಂತ. ಅದಕ್ಕೇ ನಮ್ಮ ಕಡೆ ಸೋದರಮಾವನ ಮದುವೆಯೂ ನಿಲ್ಲುತ್ತದೆ. ಕಾಯ್ದೆಯ ಪಟ್ಟಿಯಲ್ಲಿ ಅದು ನಿಷಿದ್ಧ ಸಂಬಂಧ. ಆದರೆ ಎರಡೂ ಕಡೆ ಆ ರೂಢಿ ಇದ್ದರೆ ವಿನಾಯಿತಿ.

ಬಿಸಿಲುನಾಡು
ಲಿಂಗಾಯತರಲ್ಲೂ ಎಷ್ಟೋ ಕಡೆ ಹೋಮ, ಸಪ್ತಪದಿ ಇಲ್ಲ. ಆದರೂ 1955ರ ಕಾಯ್ದೆಯಲ್ಲಿ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದೇ ಸೇರಿಸಿದ್ದಾರೆ. ನಾವು ಹಿಂದೂನಾ ಅಲ್ವಾ ಅಂತ ನಾವೇ ಇನ್ನೂ ಜಗಳ ಆಡುತ್ತಿದ್ದೇವೆ, ಮದುವೆ ವಿಷಯದಲ್ಲಿ ಸರ್ಕಾರ ಆಗಲೇ ತೀರ್ಮಾನ ಮಾಡಿಬಿಟ್ಟಿದೆ!

ನಿರ್ವಾಹಕ
ಆ ಜಗಳಕ್ಕೆ ಬೇರೆ ಚರ್ಚೆ ಇದೆ, ದಯವಿಟ್ಟು ಇಲ್ಲಿಗೆ ತರಬೇಡಿ.

ಹಳೇಪೇಪರ್
ಶಾಸ್ತ್ರಿಗಳೇ, ಸರ್ಕಾರಕ್ಕೂ ಮದುವೆಗೂ ಸಂಬಂಧ ಇಲ್ಲ ಅನ್ನುತ್ತೀರಿ. ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆಯುವ ಕಾನೂನು ತಂದಿತ್ತು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಮಾಡುವಂತಿಲ್ಲ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಆ ಕಾನೂನು ಏನನ್ನು ತಡೆಯಿತು ನೋಡಿ, ಆಗ ಏನೇನು ನಡೆಯುತ್ತಿತ್ತು ಅಂತ ಗೊತ್ತಾಗುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಅಂದರೆ ನಮ್ಮ ಮಹಾರಾಜರ ಸರ್ಕಾರ 35 ವರ್ಷ ಮುಂಚೆ. ಆಗಲೂ "ಧರ್ಮದಲ್ಲಿ ಕೈ ಹಾಕಬೇಡಿ" ಅಂತ ಕೂಗಿದವರು ಇದ್ದರು.

ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ವಿಷಯವೂ ಇದೆ. ಮುತ್ತು ಕಟ್ಟಿಸಿಕೊಂಡವಳು ದೇವರ ಹೆಂಡತಿ, ಬೇರೆ ಮದುವೆ ಆಗುವಂತಿಲ್ಲ ಅಂದದ್ದು ಧರ್ಮದ ಹೆಸರಿನಲ್ಲೇ. ಕರ್ನಾಟಕ ಸರ್ಕಾರ 1982ರಲ್ಲಿ ಕಾಯ್ದೆ ತಂದು ಅದನ್ನು ನಿಷೇಧಿಸಬೇಕಾಯಿತು.

ಶಾಸ್ತ್ರಿಮನೆ
ಕೆಟ್ಟ ರೂಢಿಯನ್ನು ನಿಲ್ಲಿಸಲಿ, ಬೇಡ ಅಂದವರು ಯಾರು? ನಿಲ್ಲಿಸುವುದು ಬೇರೆ, ಮದುವೆ ಏನು ಅಂತ ಬರೆದುಕೊಡುವುದು ಬೇರೆ.

ಬಿಸಿಲುನಾಡು
ಸರ್ಕಾರ ಅಂದರೆ ಯಾವಾಗಲೂ ಸುಧಾರಣೆಯ ಕಡೆಗೇ ಇರುತ್ತದೆ ಅಂದುಕೊಳ್ಳಬೇಡಿ. ಕಲ್ಯಾಣದಲ್ಲಿ ಏನಾಯಿತು? ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಶರಣರು ಒಪ್ಪಿ ಮಾಡಿದ ಮದುವೆ. ಬಿಜ್ಜಳನ ಅರಮನೆ ಒಪ್ಪಲಿಲ್ಲ, ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ ಕೊಟ್ಟಿತು. ಅಲ್ಲಿ ಧರ್ಮ ಹೌದು ಅಂದಿತ್ತು, ಬೇಡ ಅಂದದ್ದು ಸರ್ಕಾರ.

ಹಳೇಪೇಪರ್
ಅರಮನೆ ತಾನಾಗಿ ಬೇಡ ಅನ್ನಲಿಲ್ಲವಲ್ಲ. ವರ್ಣಸಂಕರ ಆಯಿತು ಅಂತ ದೂರು ಹೊತ್ತುಕೊಂಡು ಹೋದವರು ಸಂಪ್ರದಾಯದವರು ಅಂತಲೇ ಶರಣರ ಕಥೆಗಳಲ್ಲಿ ಬರುತ್ತದೆ. ಒಂದು ಧರ್ಮ ಇನ್ನೊಂದು ಧರ್ಮವನ್ನು ಹೊಡೆಯುವುದಕ್ಕೆ ಅರಮನೆಯ ಆನೆ ಬಳಸಿಕೊಂಡಿತು ಅನ್ನಿ.

ಬಿಸಿಲುನಾಡು
ಆನೆ ಯಾರದ್ದು? ಅರಮನೆಯದ್ದೇ ಅಲ್ವಾ?

ಕೋಡ್‌ಕುಟ್ಟಿ
ಅದಕ್ಕೇ ನಾನು ಹೇಳುವುದು, ಸರ್ಕಾರ ಮದುವೆಯಿಂದ ಪೂರ್ತಿ ಹೊರಗೆ ಹೋಗಲಿ. ಇಬ್ಬರು ದೊಡ್ಡವರು ಏನು ಒಪ್ಪಂದ ಬೇಕೋ ಬರೆದುಕೊಳ್ಳಲಿ. ಯಾರಿಗೆ ಪೂಜೆ ಬೇಕೋ ಪೂಜೆ, ಯಾರಿಗೆ ಪಾರ್ಟಿ ಬೇಕೋ ಪಾರ್ಟಿ. ಸರ್ಕಾರಕ್ಕೆ ಯಾರು ಯಾರ ಜೊತೆ ಇದ್ದರೇನು?

ವಕೀಲಕ್ಕ
ಕೇಳುವುದಕ್ಕೆ ಚೆನ್ನಾಗಿದೆ. ನನ್ನ ಕಕ್ಷಿದಾರರೊಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ಆಕೆಯ ಗಂಡ ಇನ್ನೊಬ್ಬಳನ್ನು ದೇವಸ್ಥಾನದಲ್ಲಿ ಮದುವೆ ಆದ. ಫೋಟೋ ಇದೆ, ಊರಿಗೆಲ್ಲ ಗೊತ್ತು, ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ದ್ವಿಪತ್ನಿತ್ವದ ಕೇಸು ಹಾಕಿದರೆ ಎದುರು ಕಡೆಯ ವಕೀಲರು ಕೇಳಿದ ಪ್ರಶ್ನೆ, "ಸಪ್ತಪದಿ ನಡೆದದ್ದನ್ನು ಕಣ್ಣಾರೆ ಕಂಡವರು ಯಾರು?" ಕಂಡವರೆಲ್ಲ ಅವನ ಕಡೆಯವರೇ. ಒಬ್ಬರೂ ಬಾಯಿ ಬಿಡಲಿಲ್ಲ. ಕೇಸು ಬಿತ್ತು.

ಇದು ಹೊಸ ಚಾಲಾಕಿ ಅಲ್ಲ. 1965ರಲ್ಲೇ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಒಂದು ಕೇಸಿನಲ್ಲಿ ಹೇಳಿದೆ, ಎರಡನೇ ಮದುವೆ ಶಾಸ್ತ್ರದ ಪ್ರಕಾರ ಪೂರ್ತಿ ನಡೆದಿದೆ ಅಂತ ಸಾಬೀತಾಗದಿದ್ದರೆ ದ್ವಿಪತ್ನಿತ್ವ ಆಗುವುದಿಲ್ಲ ಅಂತ. ಆರೋಪಿ ಬಿಡುಗಡೆ ಆದ. ಈಗ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಬಂದಿದೆ, ಪ್ರಶ್ನೆ ಮಾತ್ರ ಅದೇ.

ಈಗ ನೋಡಿ, ಏಳನೇ ಹೆಜ್ಜೆಯ ಪಾವಿತ್ರ್ಯ ಯಾರಿಗೆ ಉಪಯೋಗಕ್ಕೆ ಬಂತು? ಮೋಸ ಮಾಡಿದವನಿಗೆ. ಶಾಸ್ತ್ರ ಇರಲಿ, ನನಗೂ ಇಷ್ಟವೇ, ನನ್ನ ಮದುವೆಯಲ್ಲೂ ಇತ್ತು. ಆದರೆ ಮದುವೆ ಆಗಿದೆಯೋ ಇಲ್ಲವೋ ಅನ್ನೋದು ಶಾಸ್ತ್ರದ ಮೇಲೆ ನಿಂತಿದ್ದರೆ, ಜಗಳ ಬಂದಾಗ ಹೆಂಗಸು ಪುರೋಹಿತರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಕೋಡ್‌ಕುಟ್ಟಿ ಅವರ ಹಾಗೆ ಸರ್ಕಾರ ಹೊರಗೆ ಹೋದರೆ ಆ ಕೇಸು ಹಾಕುವ ಜಾಗವೂ ಇರುವುದಿಲ್ಲ.

ಸುಮ್ನೆ_ಕೇಳ್ದೆ
ಇದು ಗೊತ್ತೇ ಇರಲಿಲ್ಲ. ಸಿಟ್ಟು ಬರುತ್ತಿದೆ.

ಕೋಡ್‌ಕುಟ್ಟಿ
ಇದಕ್ಕೆ ಒಪ್ಪಂದ ಮುರಿದ ಕೇಸು ಹಾಕಬಹುದಲ್ಲ? ಕಂಪನಿಗಳು ಹಾಕುವುದಿಲ್ಲವಾ?

ವಕೀಲಕ್ಕ
ಒಪ್ಪಂದದಲ್ಲಿ ಮಗು ಸಹಿ ಹಾಕಿರುತ್ತದಾ? ಮದುವೆ ಅಸಿಂಧು ಆದರೂ ಹುಟ್ಟಿದ ಮಕ್ಕಳು ಅಕ್ರಮ ಅಲ್ಲ ಅಂತ 16ನೇ ಸೆಕ್ಷನ್ ಹೇಳುತ್ತದೆ. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೂಡುಕುಟುಂಬದ ಆಸ್ತಿಯಲ್ಲಿ ಅಪ್ಪ ಅಮ್ಮನಿಗೆ ಬರಬೇಕಾದ ಪಾಲಿನಲ್ಲೂ ಆ ಮಕ್ಕಳಿಗೆ ಹಕ್ಕಿದೆ ಅಂತ ಹೇಳಿತು. ನಮ್ಮ ರಾಜ್ಯದಿಂದಲೇ ಹೋದ ಕೇಸು ಅದು. ಇದನ್ನೆಲ್ಲ ಇಬ್ಬರೇ ಕೂತು ಬರೆದುಕೊಳ್ಳುವುದಕ್ಕೆ ಆಗುವುದಿಲ್ಲ.

ನೂರ್_ಓದುಗಿ
ಒಪ್ಪಂದದ ಮಾತು ಬಂತಲ್ಲ, ನಮ್ಮಲ್ಲಿ ನಿಕಾಹ್ ಅಂದರೆ ಒಪ್ಪಂದವೇ. ಒಬ್ಬರು ಕೇಳಬೇಕು, ಇನ್ನೊಬ್ಬರು ಕಬೂಲ್ ಅನ್ನಬೇಕು, ಸಾಕ್ಷಿಗಳು ಇರಬೇಕು, ಗಂಡು ಹೆಣ್ಣಿಗೆ ಕೊಡಬೇಕಾದ ಮೆಹರ್ ಎಷ್ಟು ಅಂತ ನಿಕಾಹ್‌ನಾಮಾದಲ್ಲಿ ಬರೆಯಬೇಕು. ಕಾಗದದ ಮಟ್ಟಿಗೆ ಕೋಡ್‌ಕುಟ್ಟಿ ಕೇಳುತ್ತಿರುವುದು ಅದನ್ನೇ.

ಆದರೆ ಒಪ್ಪಂದ ಬರೆಯುವಾಗ ಹುಡುಗಿಯ ಕೈಯಲ್ಲಿ ಪೆನ್ನು ಇರುತ್ತದಾ ಅನ್ನೋದು ಮುಖ್ಯ. ನಿಕಾಹ್‌ನಾಮಾದಲ್ಲಿ ಷರತ್ತು ಹಾಕಿಸುವ ಹಕ್ಕು ಹೆಣ್ಣಿಗೆ ಇದೆ. ನಮ್ಮ ಮನೆಯಲ್ಲಿ ಎಷ್ಟು ಮದುವೆ ನೋಡಿದ್ದೇನೆ, ಒಬ್ಬರೂ ಹಾಕಿಸಿದ್ದು ಕಾಣೆ. ನಾನು ಕೇಳಿದಾಗ ದೊಡ್ಡಪ್ಪ "ಮೊದಲೇ ಅನುಮಾನವಾ" ಅಂದರು. ಮೂರು ಸಲ ತಲಾಖ್ ಹೇಳಿ ಒಂದೇ ಏಟಿಗೆ ಬಿಡುವುದು ತಪ್ಪು ಅಂತ ನಮ್ಮ ವಿದ್ವಾಂಸರೇ ಎಷ್ಟೋ ಜನ ಹೇಳುತ್ತಿದ್ದರು. ಆದರೂ ಅದು ನಿಂತದ್ದು 2017ರಲ್ಲಿ ಕೋರ್ಟ್ ರದ್ದು ಮಾಡಿದ ಮೇಲೆ. 2019ರಲ್ಲಿ ಅದನ್ನು ಅಪರಾಧ ಮಾಡಿದ್ದು ಸರಿಯಾ ಅಂದರೆ ನನಗೆ ಇನ್ನೂ ಅನುಮಾನ ಇದೆ. ಗಂಡ ಜೈಲಿಗೆ ಹೋದರೆ ಜೀವನಾಂಶ ಕೊಡುವವರು ಯಾರು?

ಕರಾವಳಿ_ಗಂಟೆ
ನಮ್ಮ ಕಥೆ ಉಲ್ಟಾ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆದ ಮದುವೆಯನ್ನು ಸರ್ಕಾರ ಒಪ್ಪುತ್ತದೆ, ಧರ್ಮಸಭೆಯ ನ್ಯಾಯಮಂಡಳಿ ಅದನ್ನು ಅಸಿಂಧು ಅಂದರೆ ಮಾತ್ರ ಒಪ್ಪುವುದಿಲ್ಲ. ಅದಕ್ಕೂ ಮಾನ್ಯತೆ ಕೊಡಿ ಅಂತ ನಮ್ಮ ಕಡೆಯ ಹಿರಿಯ ವಕೀಲರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಇಗರ್ಜಿಯಲ್ಲಿ ಬಿಡುಗಡೆ ಆಯಿತು ಅಂತ ಇನ್ನೊಂದು ಮದುವೆ ಆದವರು ಕಾನೂನಿನ ಲೆಕ್ಕದಲ್ಲಿ ಇಬ್ಬರನ್ನು ಕಟ್ಟಿಕೊಂಡವರು! ಹೊಸಿಲ ಒಳಗೆ ಬರುವಾಗ ಒಂದೇ ಬಾಗಿಲು, ಹೊರಗೆ ಹೋಗುವಾಗ ಎರಡು ಬಾಗಿಲು, ಎರಡಕ್ಕೂ ಬೇರೆ ಬೇರೆ ಬೀಗ.

ಹಳೇಪೇಪರ್
ಫ್ರಾನ್ಸ್‌ನಲ್ಲಿ ಇದಕ್ಕೆ ಸಲೀಸಾದ ಉತ್ತರ ಇದೆ. 1792ರಿಂದ ಪುರಸಭೆಯಲ್ಲಿ ಆಗುವ ಮದುವೆಯೇ ಮದುವೆ. ಚರ್ಚು, ಮಸೀದಿ ಎಲ್ಲ ಆಮೇಲೆ, ನಿಮ್ಮ ಇಷ್ಟ. ಮೊದಲು ಪುರಸಭೆಗೆ ಹೋಗದವರಿಗೆ ಪಾದ್ರಿ ಪದೇ ಪದೇ ಮದುವೆ ಮಾಡಿಸುತ್ತಿದ್ದರೆ ಪಾದ್ರಿಗೇ ಶಿಕ್ಷೆ. ಇಸ್ರೇಲ್ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಮದುವೆ ಪೂರ್ತಿ ಧಾರ್ಮಿಕ ಸಂಸ್ಥೆಗಳ ಕೈಯಲ್ಲಿದೆ. ಬೇರೆ ಧರ್ಮದವರನ್ನು ಮೆಚ್ಚಿದವರು ಪಕ್ಕದ ಸೈಪ್ರಸ್‌ಗೆ ವಿಮಾನ ಹತ್ತಿ ಮದುವೆ ಆಗಿ ಬರುತ್ತಾರೆ. ಆ ಮದುವೆಯನ್ನು ಇಸ್ರೇಲ್ ಸರ್ಕಾರ ನೋಂದಾಯಿಸಿಕೊಳ್ಳುತ್ತದೆ!

ಕಾಫಿತೋಟ
ಅಂದರೆ ದುಡ್ಡಿದ್ದವರಿಗೆ ಪ್ರೀತಿ, ಇಲ್ಲದವರಿಗೆ ಪುರೋಹಿತರು.

ಎರಡುಹಾರ
ಎಲ್ಲರಿಗೂ ಥ್ಯಾಂಕ್ಸ್, ಚರ್ಚೆ ಎಲ್ಲೆಲ್ಲೋ ಹೋಗಿದೆ, ಚೆನ್ನಾಗಿದೆ. ವಕೀಲಕ್ಕ, ವಿಶೇಷ ವಿವಾಹ ಕಾಯ್ದೆಯಲ್ಲಿ ನನಗೆ ಭಯ ಇರುವುದು ಆ 30 ದಿನದ ನೋಟಿಸ್ ಬಗ್ಗೆಯೇ. ಹುಡುಗಿಯ ಚಿಕ್ಕಪ್ಪನಿಗೆ ಆ ಕಚೇರಿಯಲ್ಲಿ ಪರಿಚಯದವರಿದ್ದಾರೆ. ಗೋಡೆ ಮೇಲೆ ನಮ್ಮ ಹೆಸರು, ವಿಳಾಸ ಅಂಟಿಸಿದ ದಿನವೇ ಊರಿಗೆ ಫೋನ್ ಹೋಗುತ್ತದೆ.

ವಕೀಲಕ್ಕ
ಭಯ ಸಹಜ. ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ಆ ಜಿಲ್ಲೆಯಲ್ಲಿ ಇರಬೇಕು. ಕಾಯಂ ವಿಳಾಸ ಬೇರೆ ಜಿಲ್ಲೆಯದ್ದಾದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗುತ್ತದೆ. ಆಕ್ಷೇಪ ಯಾರು ಬೇಕಾದರೂ ಹಾಕಬಹುದು, ಆದರೆ ಕಾರಣ ಯಾವುದೋ ಆಗುವಂತಿಲ್ಲ. ಮೊದಲೇ ಮದುವೆ ಆಗಿದೆ, ವಯಸ್ಸಾಗಿಲ್ಲ, ನಿಷಿದ್ಧ ಸಂಬಂಧ, ಮಾನಸಿಕವಾಗಿ ಒಪ್ಪಿಗೆ ಕೊಡುವ ಸ್ಥಿತಿ ಇಲ್ಲ, ಇಂಥವು ಮಾತ್ರ. "ನಮ್ಮ ಜಾತಿ ಅಲ್ಲ" ಅನ್ನುವುದು ಆಕ್ಷೇಪ ಅಲ್ಲ.

ಹೇಳಬೇಕೆಂದರೆ, ಪುರೋಹಿತರ ಮುಂದೆ ಮದುವೆ ಆಗುವವರಿಗೆ ಈ ನೋಟಿಸ್ ಇಲ್ಲವೇ ಇಲ್ಲ. ಧರ್ಮ ಬೇಡ ಅಂದವರಿಗೆ ಮಾತ್ರ ಗೋಡೆಗೆ ಅಂಟಿಸುವ ಶಿಕ್ಷೆ. ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ನೋಟಿಸ್ ಪ್ರಕಟಿಸುವುದು ಜೋಡಿಯ ಇಷ್ಟಕ್ಕೆ ಬಿಟ್ಟದ್ದು ಅಂತ ಹೇಳಿತು. ಅದನ್ನು ಇಲ್ಲಿನ ಅಧಿಕಾರಿಗೆ ತೋರಿಸಿ ಬೇಡ ಅನ್ನಿಸುವುದು ಕಷ್ಟ. ಕೇರಳದವರು 2020ರಲ್ಲಿ ವೆಬ್‌ಸೈಟಿಗೆ ಹಾಕುವುದನ್ನಾದರೂ ನಿಲ್ಲಿಸಿದರು. ಯಾರೋ ಆ ಅರ್ಜಿಗಳನ್ನು ಇಳಿಸಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಿದ್ದರು.

ಹಳೇಪೇಪರ್
ಈ ಕಾಯ್ದೆಯ ಅಜ್ಜ ಇನ್ನೂ ವಿಚಿತ್ರ. 1872ರಲ್ಲಿ ಬ್ರಹ್ಮಸಮಾಜದವರಿಗಾಗಿ ಮೊದಲು ತಂದಾಗ, ಅದರಡಿ ಮದುವೆ ಆಗಬೇಕಾದರೆ "ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರಿಶ್ಚಿಯನ್ ಅಲ್ಲ" ಅಂತ ಬರೆದುಕೊಡಬೇಕಿತ್ತು. ಸರ್ಕಾರದ ಮುಂದೆ ಮದುವೆ ಆಗಬೇಕೆಂದರೆ ಧರ್ಮ ಬಿಡು ಅಂತ.

ಮಳೆಬಿಲ್ಲು_ಓದುಗ
ನಿಮಗೆಲ್ಲ ಸರ್ಕಾರವೋ ಧರ್ಮವೋ ಅನ್ನೋ ಆಯ್ಕೆಯಾದರೂ ಇದೆ. ನಾನೂ ನನ್ನ ಸಂಗಾತಿಯೂ ಇಬ್ಬರೂ ಗಂಡಸರು. 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಯ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳೂ ಮದುವೆ ಅನ್ನೋದು ಮೂಲಭೂತ ಹಕ್ಕಲ್ಲ, ಅದನ್ನು ಸಂಸತ್ತು ನೋಡಿಕೊಳ್ಳಲಿ ಅಂದರು. ಸಂಸತ್ತು ನೋಡುತ್ತಿಲ್ಲ. ಕಳೆದ ವರ್ಷ ಅವನ ಆಪರೇಷನ್ ಆದಾಗ ಫಾರಂನಲ್ಲಿ ಸಂಬಂಧ ಏನು ಅಂತ ಕೇಳಿದರು. "ರೂಮ್‌ಮೇಟ್" ಅಂತ ಬರೆದೆ. ಸಹಿ ಹಾಕುವುದಕ್ಕೆ ಅವನ ಅಣ್ಣ ದೂರದ ಊರಿಂದ ಬರಬೇಕಾಯಿತು, ಅವರಿಬ್ಬರಿಗೆ ಮಾತಿಲ್ಲ.

ಶಾಸ್ತ್ರಿಮನೆ
ನಿಮ್ಮ ಕಷ್ಟ ಕೇಳಿ ಬೇಜಾರಾಯಿತು, ನಿಜವಾಗಿ. ಆಸ್ಪತ್ರೆ ಸಹಿ, ಆಸ್ತಿ, ವಿಮೆ ಇದನ್ನೆಲ್ಲ ಸರ್ಕಾರ ಕೊಡಲಿ, ನನ್ನ ತಕರಾರಿಲ್ಲ. ಅದಕ್ಕೆ ವಿವಾಹ ಅನ್ನೋ ಸಂಸ್ಕಾರದ ಹೆಸರು ಯಾಕೆ ಅಂತ ನನ್ನ ಪ್ರಶ್ನೆ.

ಮಳೆಬಿಲ್ಲು_ಓದುಗ
ಹೆಸರು ನೀವೇ ಇಟ್ಟುಕೊಳ್ಳಿ. ಸಹಿ ಹಾಕುವ ಹಕ್ಕು ಯಾವ ತಿಂಗಳು ಸಿಗುತ್ತದೆ ಹೇಳಿ.

ನಿರ್ವಾಹಕ
ಇದಕ್ಕೆ ಬಂದ ಎರಡು ಅಸಭ್ಯ ಪ್ರತಿಕ್ರಿಯೆ ತೆಗೆದಿದ್ದೇನೆ. ಮತ್ತೆ ಹಾಕಿದರೆ ಖಾತೆ ಬಂದ್.

ಘಟ್ಟದ_ಕೆಳಗೆ
ಯಾರೂ ಮಂತ್ರ ಮಾಂಗಲ್ಯದ ಸುದ್ದಿ ಎತ್ತಲಿಲ್ಲವಲ್ಲ! ಕುವೆಂಪು ಅವರು ಮಗ ತೇಜಸ್ವಿಗೆ 1966ರಲ್ಲೇ ಮಾಡಿಸಿದ ಮದುವೆ. ಪುರೋಹಿತರಿಲ್ಲ, ಮುಹೂರ್ತ ಇಲ್ಲ, ವರದಕ್ಷಿಣೆ ಇಲ್ಲ. ವಧೂವರರು ಪ್ರತಿಜ್ಞೆ ಓದುತ್ತಾರೆ, ಬಂದವರು ಕೇಳುತ್ತಾರೆ, ಮುಗಿಯಿತು. ನಮ್ಮಣ್ಣನದ್ದೂ ಹಾಗೇ ಆಯಿತು. ಅಡುಗೆಯವರು ಮಾತ್ರ "ಧಾರೆ ಎಷ್ಟೊತ್ತಿಗೆ, ಅನ್ನ ಯಾವಾಗ ಇಳಿಸಲಿ" ಅಂತ ಕೇಳುತ್ತಲೇ ಇದ್ದರು.

ಎರಡುಹಾರ
ಇದು ಚೆನ್ನಾಗಿದೆ! ಇದಕ್ಕೆ ಕಾನೂನಿನ ಬೆಲೆ ಇದೆಯಾ?

ವಕೀಲಕ್ಕ
ತಮಿಳುನಾಡಿನವರು ಅಣ್ಣಾದುರೈ ಕಾಲದಲ್ಲಿ ಹಿಂದೂ ವಿವಾಹ ಕಾಯ್ದೆಗೇ 7ಎ ಅಂತ ಸೇರಿಸಿಕೊಂಡರು. ಪುರೋಹಿತರಿಲ್ಲದೆ, ಬಂಧುಗಳೋ ಸ್ನೇಹಿತರೋ ಇದ್ದಾಗ ಒಬ್ಬರನ್ನೊಬ್ಬರು ಒಪ್ಪಿದೆವು ಅಂತ ಹೇಳಿ ಹಾರ ಬದಲಾಯಿಸಿಕೊಂಡರೂ ಸಾಕು, ಉಂಗುರ ತೊಡಿಸಿದರೂ ಸಾಕು, ತಾಳಿ ಕಟ್ಟಿದರೂ ಸಾಕು. ಅದು ಪೂರ್ತಿ ಮದುವೆ. ನಮ್ಮಲ್ಲಿ ಅಂಥ ತಿದ್ದುಪಡಿ ಇಲ್ಲ. ಅದಕ್ಕೇ ಮಂತ್ರ ಮಾಂಗಲ್ಯ ಆಗುವವರಿಗೆ ನಾನು ಹೇಳುವುದು, ಜೊತೆಗೆ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಿ. ಆಗಿರುವ ಮದುವೆಯನ್ನೂ ಆ ಕಾಯ್ದೆಯಡಿ ನೋಂದಾಯಿಸಬಹುದು. ಆಗಲೂ 30 ದಿನ ಕಾಯಬೇಕು, ಆದರೆ ಆ ಹೊತ್ತಿಗೆ ಮನೆಯವರ ಮುಂದೆ ಮದುವೆ ಆಗಿರುತ್ತದಲ್ಲ, ಎದೆ ಬಡಿತ ಕಡಿಮೆ. ಕುವೆಂಪು ಹೆಸರಲ್ಲಿ ಭಾಷಣ ಮಾಡುವ ಯಾವ ಸರ್ಕಾರಕ್ಕೂ ಇಲ್ಲಿ 7ಎ ತರುವ ಯೋಚನೆ ಬಂದಿಲ್ಲ, ನೋಡಿ.

ಬಿಸಿಲುನಾಡು
ಯೋಚನೆ ಎಲ್ಲಿಂದ ಬರಬೇಕು? ನಮ್ಮ ಮುಜರಾಯಿ ಇಲಾಖೆಯೇ ದೇವಸ್ಥಾನಗಳಲ್ಲಿ ಸಾಮೂಹಿಕ ಮದುವೆ ಮಾಡಿಸಿದಾಗ ಯೋಜನೆಗೆ ಇಟ್ಟ ಹೆಸರು ಸಪ್ತಪದಿ. ಸರ್ಕಾರ ಮತ್ತು ಧರ್ಮ ಜಗಳ ಆಡುತ್ತಿವೆ ಅಂತ ನಾವು ಇಲ್ಲಿ ಕೂತು ಬಡಿದಾಡುತ್ತಿದ್ದೇವೆ, ಅವು ಒಂದೇ ಚಪ್ಪರದಡಿ ಇವೆ.

ನೂರ್_ಓದುಗಿ
😂 ನಿಜ.

ಕೋಡ್‌ಕುಟ್ಟಿ
ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಮದುವೆ ಆಗದೆ ಜೊತೆಗಿದ್ದರೂ ನೋಂದಣಿ ಮಾಡಿಸಬೇಕು. ಸರ್ಕಾರಕ್ಕೆ ಒಂದು ಬೆರಳು ಕೊಟ್ಟರೆ ಪೂರ್ತಿ ಕೈ ಹಿಡಿಯುತ್ತದೆ ಅಂತ ಅದಕ್ಕೇ ಹೇಳಿದ್ದು. ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ವಕೀಲಕ್ಕ
ಅಲ್ಲಿ ನಾನು ನಿಮ್ಮ ಜೊತೆಗೇ ಇದ್ದೇನೆ. ಮದುವೆ ಆಯಿತು ಅಂತ ಬಂದವರನ್ನು ಬರೆದುಕೊಳ್ಳುವುದು ಸರ್ಕಾರದ ಕೆಲಸ, ಆಗದವರ ಬಾಗಿಲು ತಟ್ಟುವುದಲ್ಲ.

ಶಾಸ್ತ್ರಿಮನೆ
ವಕೀಲಕ್ಕನೂ ಕೋಡ್‌ಕುಟ್ಟಿಯೂ ಒಂದಾದರು, ಇದಕ್ಕೆ ಯಾವ ಮುಹೂರ್ತ ಕಾರಣವೋ! ಇರಲಿ. ಮದುವೆಗೆ ಪುರೋಹಿತರು ಬೇಡ ಅನ್ನುವ ನೀವೆಲ್ಲ ಗೃಹಪ್ರವೇಶಕ್ಕೆ ನಮ್ಮ ಮನೆ ಬಾಗಿಲಿಗೇ ಬರುತ್ತೀರಿ. ಆಗ ಮಾತಾಡೋಣ.

ಸುಮ್ನೆ_ಕೇಳ್ದೆ
ಮೊದಲು ಇ-ಖಾತಾ ಆಗಲಿ ಶಾಸ್ತ್ರಿಗಳೇ. ಅದಕ್ಕೆ ಯಾವುದಾದರೂ ಮಂತ್ರ ಇದ್ದರೆ ಈಗಲೇ ಹೇಳಿ, ದಕ್ಷಿಣೆ ಮುಂಗಡ ಕೊಡುತ್ತೇನೆ.